ಒಂದು ಸೈಟಿನಲ್ಲಿ ಎಷ್ಟು ಗಿಡ ಹಿಡಿಸುತ್ತದೆ?

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ 'ಹಳೆಯ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಗ್ರಾಮಸ್ಥರು' ಎಂದು ಅಚ್ಚಾಗಿದೆ. ತ್ಯಾಗರಾಜನಗರದಲ್ಲಿ ಗ್ರಾಮಸ್ಥರು ಎಲ್ಲಿಂದ ಬಂದರು ಎಂದು ನನ್ನ ಮೊಮ್ಮಗಳು ಕೇಳಿದಳು. ಎಲ್ಲಿಂದಲೂ ಬರಲಿಲ್ಲ, ಅವರು ಇಲ್ಲೇ ಇದ್ದರು, ಊರು ಅವರ ಮೇಲೆ ಬಂತು ಎಂದೆ. ಆ ಪದವನ್ನು ತೆಗೆಯದೆ ಉಳಿಸಿದ ಸಮಿತಿಗೆ ನನ್ನ ವಂದನೆ. ಈ ಹೊತ್ತು ನಾನು ಹೇಳುವ ಮಾತಿನಲ್ಲಿ ಅರ್ಧ ಆ ಗ್ರಾಮಸ್ಥರಿಗೆ ಆಗಲೇ ಗೊತ್ತಿದ್ದದ್ದು.

ನನಗೆ ಕೊಟ್ಟ ವಿಷಯ 'ಸಸ್ಯಗಳ ಸ್ಪರ್ಧೆ ಮತ್ತು ಬೆಳವಣಿಗೆಯ ಗಣಿತ'. ಕೃಷಿ ಪ್ರಯೋಗಗಳ ಅಂಕಿಅಂಶ ನೋಡಿಕೊಳ್ಳುವುದೇ ನನ್ನ ಉದ್ಯೋಗವಾಗಿತ್ತು. ಹೊಲಕ್ಕೆ ಇಳಿದವರು ಬೇರೆಯವರು, ನಾನು ಲೆಕ್ಕ ಮಾಡಿದವನು. ಆದ್ದರಿಂದ ಇದನ್ನು ಗಣಿತದ ಮೇಷ್ಟರ ತರಗತಿ ಎಂದು ಹೆದರಬೇಡಿ, ಅಂಗಡಿ ಲೆಕ್ಕಕ್ಕಿಂತ ಕಷ್ಟದ್ದು ಏನೂ ಇಲ್ಲ. ವಿಷಯವನ್ನು ಒಪ್ಪಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಮಹೋತ್ಸವದ ನೆನಪಿಗೆ 500 ಸಸಿ ನೆಡುವುದೆಂದು ಸಮಿತಿ ಯೋಚಿಸಿದೆ. 50 ವರ್ಷ, ವರ್ಷಕ್ಕೆ 10 ಸಸಿ, ಪ್ರತಿ ತಂಡದ ಹೆಸರಿನ ಫಲಕ. ಕೇಳಲು ಬಹಳ ಚೆನ್ನಾಗಿದೆ. ಆ ಜಾಗವನ್ನು ನಾನು ಹೆಜ್ಜೆ ಹಾಕಿ ಅಳೆದೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಒಂದು 40-60 ಸೈಟು. 2400 ಚದರಡಿ. ಒಂದು ಸಸಿಗೆ ಐದು ಚದರಡಿಗೂ ಕಡಿಮೆ, ಪಂಕ್ತಿಯಲ್ಲಿ ಊಟಕ್ಕೆ ಕೂತವರಿಗೆ ಸಿಗುವಷ್ಟು. ಪಂಕ್ತಿಯಲ್ಲಿ ಕೂತವರು ಊಟ ಮುಗಿಸಿ ಏಳುತ್ತಾರೆ. ಗಿಡ ಏಳುವುದಿಲ್ಲ, ಅಲ್ಲೇ ದೊಡ್ಡದಾಗುತ್ತದೆ.

ಮೊದಲು ಒಂದು ಕುಂಡದಿಂದ ಶುರು ಮಾಡೋಣ. ಒಂದೇ ಅಳತೆಯ ಐದು ಕುಂಡ, ಒಂದೇ ಮಣ್ಣು, ಒಂದೇ ಗೊಬ್ಬರ, ಒಂದೇ ನೀರು. ಮೊದಲನೆಯದರಲ್ಲಿ ಒಂದು ರಾಗಿ ಪೈರು ಬಿಡಿ, ಎರಡನೆಯದರಲ್ಲಿ 2, ಮೂರನೆಯದರಲ್ಲಿ 4, ಆಮೇಲೆ 8, ಆಮೇಲೆ 16. ನಾಲ್ಕು ತಿಂಗಳಾದ ಮೇಲೆ ಕೊಯ್ದು ಒಣಗಿಸಿ ತೂಗಿ. 16 ಪೈರಿನ ಕುಂಡದಲ್ಲಿ ಒಂದು ಪೈರಿನ ಕುಂಡದ 16 ಪಟ್ಟು ಸಿಗುತ್ತದೆಯೇ? ಸಿಗುವುದಿಲ್ಲ ಎಂದು ಯಾವ ರೈತನೂ ಹೇಳುತ್ತಾನೆ. ಹಾಗಾದರೆ ಎಷ್ಟು ಸಿಗುತ್ತದೆ? ಗಣಿತ ಬೇಕಾಗುವುದು ಇಲ್ಲಿ.

ಜಪಾನಿನ ಒಸಾಕಾದಲ್ಲಿ ತಾತ್ಸುವೊ ಕಿರಾ ಎಂಬ ಸಸ್ಯವಿಜ್ಞಾನಿ ಮತ್ತು ಅವರ ಜೊತೆಗಾರರು 1950ರ ದಶಕದಲ್ಲಿ ಸೋಯಾ ಅವರೆಯಂಥ ಬೆಳೆಗಳನ್ನು ಬೇರೆಬೇರೆ ದಟ್ಟಣೆಯಲ್ಲಿ ಬೆಳೆಸಿ ಇದನ್ನೇ ಅಳೆದರು. 1956ರಲ್ಲಿ ಶಿನೊಜಾಕಿ ಮತ್ತು ಕಿರಾ ಅದಕ್ಕೊಂದು ಸೂತ್ರ ಕೊಟ್ಟರು. ಸೂತ್ರ ಬಹಳ ಸರಳ: ಒಂದು ಗಿಡದ ತೂಕವನ್ನು ತಲೆಕೆಳಗು ಮಾಡಿದರೆ, ಅಂದರೆ 1ನ್ನು ಆ ತೂಕದಿಂದ ಭಾಗಿಸಿದರೆ, ಬರುವ ಸಂಖ್ಯೆ ಗಿಡಗಳ ಸಂಖ್ಯೆಯ ಜೊತೆಗೆ ಸರಳ ರೇಖೆಯಲ್ಲಿ ಏರುತ್ತದೆ. ಬೋರ್ಡಿನ ಮೇಲೆ ಒಂದು ಉದಾಹರಣೆ ಹಾಕುತ್ತೇನೆ. ಇವು ಸೂತ್ರಕ್ಕೆ ಸಂಖ್ಯೆ ಹಾಕಿ ತೆಗೆದವು, ತೂಗಿದವಲ್ಲ. ಒಂಟಿ ಪೈರು 40 ಗ್ರಾಂ ಬಂತು ಎಂದುಕೊಳ್ಳಿ. ಎರಡಿದ್ದರೆ ಒಂದೊಂದು 25 ಗ್ರಾಂ, ಒಟ್ಟು 50. ನಾಲ್ಕಿದ್ದರೆ ಒಂದೊಂದು 14 ಚಿಲ್ಲರೆ, ಒಟ್ಟು 57. ಎಂಟಿದ್ದರೆ ಒಟ್ಟು ಸುಮಾರು 61. ಹದಿನಾರಿದ್ದರೆ ಒಂದೊಂದು 4 ಗ್ರಾಂ, ಒಟ್ಟು 64. ನೂರು ಹಾಕಿ, ಸಾವಿರ ಹಾಕಿ, 67 ಗ್ರಾಂ ದಾಟುವುದಿಲ್ಲ.

ಆ 67 ಯಾರದ್ದು? ಗಿಡದ್ದಲ್ಲ, ಕುಂಡದ್ದು. ಅಷ್ಟು ಮಣ್ಣು, ಅಷ್ಟು ನೀರು, ಆ ಕುಂಡದ ಮೇಲೆ ಬೀಳುವ ಅಷ್ಟು ಬಿಸಿಲು ಎಷ್ಟು ತೂಕವನ್ನು ಹೊರಬಲ್ಲವೋ ಅದು. ಬೀಜದ ಸಂಖ್ಯೆ ಆ ತೂಕವನ್ನು ಎಷ್ಟು ಪಾಲು ಮಾಡಬೇಕು ಎಂಬುದನ್ನಷ್ಟೇ ತೀರ್ಮಾನಿಸುತ್ತದೆ. ವಿಜ್ಞಾನಿಗಳು ಇದನ್ನು 'ಸ್ಥಿರ ಅಂತಿಮ ಇಳುವರಿಯ ನಿಯಮ' ಎನ್ನುತ್ತಾರೆ. ಮನೆ ಪಾಲಾಗುವಾಗ ಅಣ್ಣತಮ್ಮಂದಿರು ಹೆಚ್ಚಾದರೆ ಜಮೀನು ಹೆಚ್ಚಾಗುವುದಿಲ್ಲ ಎಂಬುದನ್ನು ನಮ್ಮ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆ. ಈ ನಿಯಮ ಒಟ್ಟು ತೂಕಕ್ಕೆ, ಅಂದರೆ ಹುಲ್ಲು, ಬೇರು, ಎಲೆ ಎಲ್ಲ ಸೇರಿದ್ದಕ್ಕೆ. ಕಾಳಿನ ಮಾತು ಬಂದರೆ ಪರಿಸ್ಥಿತಿ ಇನ್ನೂ ಬಿಗಿ. ತೀರಾ ದಟ್ಟವಾದರೆ ಪೈರು ಹುಲ್ಲು ಮಾಡುತ್ತದೆ, ತೆನೆ ಕಟ್ಟುವುದಿಲ್ಲ. ಅದಕ್ಕೇ ಚೆಲ್ಲಿ ಬಿತ್ತಿದ ರಾಗಿಗೆ ಪೈರು ಎಳೆಯದಿರುವಾಗಲೇ ಕುಂಟೆ ಹೊಡೆಯುತ್ತಿದ್ದರು. ಕಳೆ ಸಾಯುತ್ತದೆ, ಮಣ್ಣು ಸಡಿಲವಾಗುತ್ತದೆ, ಜೊತೆಗೆ ಒಂದಷ್ಟು ಪೈರೂ ಹೋಗುತ್ತದೆ. ಕಷ್ಟಪಟ್ಟು ಬಿತ್ತಿದ್ದನ್ನು ಯಾಕೆ ಕೀಳುತ್ತಾರೆ ಎಂದು ಪೇಟೆಯವರಿಗೆ ಅನ್ನಿಸುತ್ತದೆ. ಹಾವೇರಿ ಜಿಲ್ಲೆಯ 'ಗುಳಿ ರಾಗಿ' ಪದ್ಧತಿ ಇನ್ನೂ ಮುಂದೆ ಹೋಗುತ್ತದೆ. ಒಂದೂವರೆ ಅಡಿ ಚೌಕಕ್ಕೆ ಒಂದು ಗುಳಿ, ಗುಳಿಗೆ ಎರಡು ಎಳೆಯ ಪೈರು. ಹೊಲ ನೋಡಿದರೆ ಖಾಲಿ ಬಿಟ್ಟಂತೆ ಕಾಣುತ್ತದೆ. ಅದರ ಮೇಲೆ ಕೊರಡು ಎಳೆದು ಪೈರನ್ನು ಬಗ್ಗಿಸುತ್ತಾರೆ. ಪೈರು ಸಿಟ್ಟಿಗೆದ್ದಂತೆ ಬುಡದಿಂದ ತೆಂಡೆಯೊಡೆದು ಆ ಖಾಲಿ ಜಾಗವನ್ನೆಲ್ಲ ತಾನೇ ತುಂಬುತ್ತದೆ. ಕೆಲವೇ ಪೈರು, ಆದರೆ ಒಂದೊಂದು ಬುಡದಲ್ಲೂ ಹಲವು ತೆನೆ. ಇಳುವರಿ ಕಡಿಮೆಯಾಗುವುದಿರಲಿ, ಹೆಚ್ಚು ಬರುತ್ತದೆ ಎಂದೇ ಅಲ್ಲಿನ ರೈತರು ಅದನ್ನು ಉಳಿಸಿಕೊಂಡಿದ್ದಾರೆ. ಒಸಾಕಾದ ಸೂತ್ರ ಅವರ ಕೈಯಲ್ಲಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಈಗ ಸ್ಪರ್ಧೆ ಎಂದರೇನು ಎಂದು ನೋಡೋಣ. ಗಿಡಗಳು ಜಗಳವಾಡುವುದಿಲ್ಲ. ಒಂದು ತೆಗೆದುಕೊಂಡದ್ದು ಇನ್ನೊಂದಕ್ಕೆ ಇರುವುದಿಲ್ಲ, ಅಷ್ಟೆ. ಆದರೆ ನೆಲದ ಕೆಳಗಿನ ಸ್ಪರ್ಧೆಗೂ ಮೇಲಿನ ಸ್ಪರ್ಧೆಗೂ ದೊಡ್ಡ ವ್ಯತ್ಯಾಸವಿದೆ. ಕೆಳಗೆ ನೀರಿಗಾಗಿ ಬೇರುಗಳ ಸ್ಪರ್ಧೆ. ಸಣ್ಣ ಬೇರಿಗೆ ಸಣ್ಣ ಪಾಲು, ದೊಡ್ಡ ಬೇರಿಗೆ ದೊಡ್ಡ ಪಾಲು, ಒಂದು ರೀತಿ ನ್ಯಾಯವಿದೆ. ಮೇಲೆ ಬೆಳಕಿನ ವಿಚಾರ ಹಾಗಲ್ಲ. ಬೆಳಕು ಒಂದೇ ದಿಕ್ಕಿನಿಂದ ಬರುತ್ತದೆ. ಒಂದು ಅಂಗುಲ ಎತ್ತರ ಇದ್ದವನು ಪೂರ್ತಿ ತೆಗೆದುಕೊಳ್ಳುತ್ತಾನೆ, ಕೆಳಗಿನವನಿಗೆ ಸೋರಿದ್ದು ಮಾತ್ರ. 1953ರಲ್ಲಿ ಮೊನ್ಸಿ ಮತ್ತು ಸಾಯೆಕಿ ಎಂಬ ಇನ್ನಿಬ್ಬರು ಜಪಾನಿಯರು ಇದನ್ನು ಲೆಕ್ಕ ಹಾಕಿದರು. (ಆ ಲೇಖನವನ್ನು ಅವರು ಬರೆದದ್ದು ಜರ್ಮನ್ ಭಾಷೆಯಲ್ಲಿ. ಜಗತ್ತಿಗೆ ಅದು ತಲುಪಲು ತಡವಾದದ್ದರಲ್ಲಿ ಆಶ್ಚರ್ಯವಿಲ್ಲ.) ಪ್ರತಿ ಪದರ ಎಲೆ ದಾಟಿದಾಗಲೂ ಬೆಳಕು ಒಂದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. ನೆಲದ ಒಂದು ಚದರಡಿಯ ಮೇಲೆ ಮೂರು ಚದರಡಿ ಎಲೆ ಇದ್ದರೆ, ಅದರ ಕೆಳಗೆ ಇಳಿಯುವ ಬೆಳಕು ಸುಮಾರು ಐದರಲ್ಲೊಂದು ಪಾಲು. ಎಲೆ ಅಡ್ಡವಾಗಿ ಹರಡಿದ್ದರೆ ಇನ್ನೂ ಕಡಿಮೆ, ಹುಲ್ಲಿನಂತೆ ನೆಟ್ಟಗಿದ್ದರೆ ಸ್ವಲ್ಪ ಹೆಚ್ಚು.

ಇದರ ಪರಿಣಾಮ ನೋಡಿ. ಒಂದೇ ದಿನ ನೆಟ್ಟ ಎರಡು ಸಸಿಯಲ್ಲಿ ಒಂದು ಎರಡು ದಿನ ಮೊದಲು ಚಿಗುರಿತು. ಆ ಎರಡು ದಿನದಿಂದ ಅರ್ಧ ಅಂಗುಲ ಎತ್ತರ, ಅರ್ಧ ಅಂಗುಲದಿಂದ ಸ್ವಲ್ಪ ಹೆಚ್ಚು ಬೆಳಕು, ಹೆಚ್ಚು ಬೆಳಕಿನಿಂದ ಇನ್ನೂ ಒಂದಂಗುಲ. ಚಕ್ರಬಡ್ಡಿ. ಐದು ವರ್ಷದ ಹೊತ್ತಿಗೆ ಒಂದು ಮರ, ಇನ್ನೊಂದು ಕಡ್ಡಿ. ಮೊದಲನೆಯದು ಉತ್ತಮ ತಳಿ ಎಂದು ನಾವು ಕಾರಣ ಕೊಡುತ್ತೇವೆ. ಎಷ್ಟೋ ಸಲ ತಳಿಯಲ್ಲಿ ವ್ಯತ್ಯಾಸವೇ ಇರುವುದಿಲ್ಲ.

ಕಡ್ಡಿಯಾದದ್ದು ಕೊನೆಗೆ ಸಾಯುತ್ತದೆ. ಎಷ್ಟು ಸಾಯುತ್ತವೆ ಎಂಬುದಕ್ಕೂ ಒಂದು ಲೆಕ್ಕ ಇದೆ. ಕಿರಾ ಅವರ ಬಳಗದಲ್ಲೇ ಇದ್ದ ಯೋದಾ ಮತ್ತು ಸಂಗಡಿಗರು 1963ರಲ್ಲಿ ಇದನ್ನು ಪ್ರಕಟಿಸಿದರು. ನಾನು ಇದನ್ನು 'ತಾನೇ ತೆಳುವಾಗುವ ನಿಯಮ' ಎಂದು ಕರೆಯುತ್ತೇನೆ. ಒತ್ತಾಗಿ ಬೆಳೆದ ಒಂದೇ ವಯಸ್ಸಿನ ಗಿಡಗಳಲ್ಲಿ 100 ಇದ್ದದ್ದು 25ಕ್ಕೆ ಇಳಿಯುವ ಹೊತ್ತಿಗೆ, ಉಳಿದ ಒಂದೊಂದರ ತೂಕ ಎಂಟು ಪಟ್ಟಾಗಿರುತ್ತದೆ. ಎಂಟು ಯಾಕೆ? ಗಿಡದ ಎತ್ತರ, ಅಗಲ ಎಲ್ಲ ಎರಡು ಪಟ್ಟಾದರೆ ಅದು ಆಕ್ರಮಿಸುವ ನೆಲ ಎರಡು ಗುಣಿಸು ಎರಡು, ನಾಲ್ಕು ಪಟ್ಟು. ಅದರ ಗಾತ್ರ ಎರಡು ಗುಣಿಸು ಎರಡು ಗುಣಿಸು ಎರಡು, ಎಂಟು ಪಟ್ಟು. ಎಂಟನೇ ತರಗತಿಯ ವರ್ಗ ಮತ್ತು ಘನ, ಅದಕ್ಕಿಂತ ಹೆಚ್ಚಿಲ್ಲ. ಈ ಸಂಖ್ಯೆ ಎಲ್ಲ ಗಿಡಗಳಿಗೂ ಇಷ್ಟೇ ಕರಾರುವಾಕ್ಕಾಗಿ ಹೊಂದುತ್ತದೆಯೇ ಎಂದು ಆಮೇಲೆ ದೊಡ್ಡ ಚರ್ಚೆಯೇ ನಡೆಯಿತು. 1998ರಲ್ಲಿ ಅಮೆರಿಕದ ಮೂವರು ಗಿಡದೊಳಗಿನ ನೀರಿನ ಕೊಳವೆಗಳ ಜಾಲದಿಂದ ಲೆಕ್ಕ ಹಾಕಿ, ಎಂಟು ಪಟ್ಟಲ್ಲ, ಆರೂ ಚಿಲ್ಲರೆ ಪಟ್ಟು ಎಂದು ವಾದಿಸಿದರು. ಆರೋ ಎಂಟೋ, ನಮ್ಮ ಇವತ್ತಿನ ಕೆಲಸಕ್ಕೆ ವ್ಯತ್ಯಾಸವಿಲ್ಲ. ನೂರರಲ್ಲಿ ಎಪ್ಪತ್ತೈದು ಸತ್ತದ್ದು ಆರೈಕೆಯ ಕೊರತೆಯಿಂದಲ್ಲ, ಬೆಳವಣಿಗೆಯ ಬೆಲೆ ಅದು.

ಇಷ್ಟು ಹೊತ್ತು ಒಂದೇ ಜಾತಿಯ ಗಿಡದ ಮಾತಾಯಿತು. ಎರಡು ಜಾತಿ ಒಟ್ಟಿಗಿದ್ದರೆ? ಇಲ್ಲಿ ನಮ್ಮ ಗ್ರಾಮಸ್ಥರು ಪ್ರೊಫೆಸರುಗಳು. ಈಗ ಕತ್ರಿಗುಪ್ಪೆಯ ಅಡ್ಡರಸ್ತೆಗಳಿರುವ ಕಡೆ ನಾವು ಹುಡುಗರಾಗಿದ್ದಾಗ ರಾಗಿ ಹೊಲ ಇತ್ತು. ಬರೀ ರಾಗಿ ಬಿತ್ತಿದ್ದನ್ನು ನಾನು ನೋಡಿದ ನೆನಪೇ ಇಲ್ಲ. ಕೂರಿಗೆಯ ಹಿಂದೆ ಸಡ್ಡೆ ಹಿಡಿದು ಅಕ್ಕಡಿ ಸಾಲು ಬಿಡುತ್ತಿದ್ದರು: ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಅಂಚಿನಲ್ಲಿ ಹರಳು, ಮಧ್ಯೆ ಮಧ್ಯೆ ಜೋಳ. ಮನೆಯ ಸಾರಿಗೆ, ಒಗ್ಗರಣೆಗೆ, ದೀಪಕ್ಕೆ ಎಲ್ಲ ಆ ಸಾಲುಗಳಿಂದ. ಅಕ್ಕಡಿ ಎಂದರೆ ಹೆಂಗಸರ ಬೆಳೆ ಎಂದು ಹಾಸ್ಯ ಮಾಡುವವರೂ ಇದ್ದರು. ಆ ಹಾಸ್ಯ ಮಾಡಿದವರು ಬರೀ ಮುದ್ದೆ ಉಂಡದ್ದನ್ನು ಮಾತ್ರ ನಾನು ನೋಡಿಲ್ಲ.

ಎರಡು ಜಾತಿಗಳ ಸ್ಪರ್ಧೆಗೆ ಸಮೀಕರಣ ಬರೆದವರು 1920ರ ದಶಕದಲ್ಲಿ ಅಮೆರಿಕದ ಲೋಟ್ಕಾ ಮತ್ತು ಇಟಲಿಯ ವೋಲ್ಟೆರಾ. ಅದರ ಸಾರ ಒಂದೇ ವಾಕ್ಯ: ಪ್ರತಿ ಜಾತಿಯೂ ಪಕ್ಕದ ಜಾತಿಯನ್ನು ಒತ್ತುವುದಕ್ಕಿಂತ ಹೆಚ್ಚಾಗಿ ತನ್ನ ಜಾತಿಯನ್ನೇ ಒತ್ತುತ್ತಿದ್ದರೆ, ಎರಡೂ ಒಟ್ಟಿಗೆ ಬಾಳುತ್ತವೆ. ತಿರುವುಮುರುವಾದರೆ ಒಂದು ಹೋಗುತ್ತದೆ. ರಾಗಿ ತೊಗರಿಯನ್ನೇ ನೋಡಿ. ರಾಗಿಯದು ಜೊಂಡು ಬೇರು, ಮೇಲ್ಮಣ್ಣಿನಲ್ಲೇ ಹರಡುತ್ತದೆ. ತೊಗರಿಯದು ತಾಯಿಬೇರು, ಆಳಕ್ಕೆ ಇಳಿಯುತ್ತದೆ. ರಾಗಿ ನಾಲ್ಕು ತಿಂಗಳಲ್ಲಿ ಮುಗಿಸಿ ಹೋಗುತ್ತದೆ. ತೊಗರಿ ಮೊದಲೆರಡು ತಿಂಗಳು ನಿಂತೇ ಇಲ್ಲವೇನೋ ಎಂಬಂತೆ ನಿಧಾನ, ರಾಗಿ ಕೊಯ್ಲಾಗಿ ಬಿಸಿಲು ಸಿಕ್ಕ ಮೇಲೆ ಅದರ ಭರಾಟೆ. ರಾಗಿಗೆ ಸಾರಜನಕ ಮಣ್ಣಿನಿಂದಲೇ ಬರಬೇಕು. ತೊಗರಿ ಬೇರಿನ ಗಂಟಿನಲ್ಲಿ ಗಾಳಿಯಿಂದ ಹಿಡಿದುಕೊಳ್ಳುತ್ತದೆ. ರಾಗಿಗೆ ನಿಜವಾದ ಎದುರಾಳಿ ಪಕ್ಕದ ರಾಗಿಯೇ, ತೊಗರಿಯಲ್ಲ.

ಇದನ್ನು ಅಳೆಯುವ ರೀತಿ ಹೇಗೆ? ಹಾಲೆಂಡಿನ ಡಿ ವಿಟ್ ಎಂಬ ವಿಜ್ಞಾನಿ 1960ರಲ್ಲಿ ಸ್ಪರ್ಧೆಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಒಟ್ಟು ಗಿಡದ ಸಂಖ್ಯೆ ಅಷ್ಟೇ ಇಟ್ಟು, ಎರಡು ಜಾತಿಗಳ ಪಾಲನ್ನು ಬದಲಿಸುತ್ತಾ ಹೋಗಿ ನೋಡುವ ಕ್ರಮ ಅವರದು. ಅಲ್ಲಿಂದ ಮುಂದೆ ಮಿಶ್ರ ಬೆಳೆಯವರು ಒಂದು ಸುಲಭ ಲೆಕ್ಕ ಕಂಡುಕೊಂಡರು. ಉದಾಹರಣೆಗೆ, ಬರೀ ರಾಗಿ ಹಾಕಿದರೆ ಎಕರೆಗೆ 10 ಕ್ವಿಂಟಲ್, ಬರೀ ತೊಗರಿ ಹಾಕಿದರೆ 5 ಎಂದಿಟ್ಟುಕೊಳ್ಳಿ. ಒಟ್ಟಿಗೆ ಹಾಕಿದಾಗ ರಾಗಿ 8, ತೊಗರಿ 2.5 ಬಂತು. ರಾಗಿ ನಷ್ಟವಾಯಿತು ಎಂದು ಅಳುವವರು ಅಳಲಿ. ಹತ್ತರಲ್ಲಿ ಎಂಟು, ಐದರಲ್ಲಿ ಎರಡೂವರೆ, ಅಂದರೆ 0.8 ಮತ್ತು 0.5, ಕೂಡಿದರೆ 1.3. ಒಂದು ಎಕರೆಯಲ್ಲಿ ಒಂದೂ ಕಾಲಿಗಿಂತ ಹೆಚ್ಚು ಎಕರೆಯ ಫಸಲು. ಸ್ಪರ್ಧೆ ಇದ್ದೇ ಇದೆ, ಎರಡೂ ಸ್ವಲ್ಪ ಸೋತಿವೆ, ನೆಲ ಗೆದ್ದಿದೆ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಒಣಬೇಸಾಯ ತಜ್ಞರು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಶಿಫಾರಸು ಮಾಡಿದ್ದಾರಲ್ಲ, ಅದರ ಹಿಂದೆ ಈ ರೀತಿಯ ಲೆಕ್ಕವಿದೆ. ಅಕ್ಕಡಿ ಸಾಲನ್ನೇ ಅವರು ತೂಗಿ, ಅಳೆದು, ಸಾಲು ಎಣಿಸಿ ಕೊಟ್ಟರು. ಕೊಡಬೇಕಾದದ್ದೇ. ಎಷ್ಟು ಸಾಲಿಗೊಂದು ಎಂಬುದರಲ್ಲಿ ಊರಿಂದೂರಿಗೆ ವ್ಯತ್ಯಾಸವಿತ್ತು, ಅಜ್ಜ ಹೇಳಿದ್ದೆಲ್ಲ ಸರಿ ಎನ್ನುವವನು ನಾನಲ್ಲ.

ಬೆಳೆ ನಾಲ್ಕು ತಿಂಗಳದ್ದು, ತೂಗಬಹುದು. ಮರ ಐವತ್ತು, ನೂರು ವರ್ಷದ್ದು, ಯಾರು ಕಾಯುತ್ತಾರೆ? ಇಲ್ಲಿಗೆ ಕಂಪ್ಯೂಟರು ಬಂತು. 1972ರಲ್ಲಿ ಬಾಟ್ಕಿನ್, ಜಾನಕ್, ವಾಲಿಸ್ ಎಂಬ ಮೂವರು ಅಮೆರಿಕದ ಒಂದು ಕಾಡಿಗಾಗಿ ಮಾದರಿ ಮಾಡಿದರು. ಮೂವರ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದಕ್ಕೆ 'ಜಾಬೋವಾ' ಎಂದು ಹೆಸರಿಟ್ಟರು, ನಮ್ಮ ಮನೆಗಳಿಗೆ ಮಕ್ಕಳ ಹೆಸರು ಜೋಡಿಸಿ ಇಡುತ್ತೇವಲ್ಲ, ಹಾಗೆ. ಸುಮಾರು 10 ಮೀಟರು ಚೌಕದ ತುಂಡು ನೆಲ. ಅದರೊಳಗಿನ ಪ್ರತಿ ಮರಕ್ಕೂ ಒಂದು ಖಾತೆ. ವರ್ಷಕ್ಕೊಮ್ಮೆ ಮೂರೇ ಪ್ರಶ್ನೆ: ನಿನ್ನ ತಲೆಯ ಮೇಲೆ ಎಷ್ಟು ನೆರಳಿದೆ, ಹಾಗಾದರೆ ಎಷ್ಟು ದಪ್ಪವಾದೆ, ಬೆಳೆಯದಿದ್ದರೆ ಸಾಯುವ ಸಂಭವ ಎಷ್ಟು. ಇಷ್ಟನ್ನೇ ವರ್ಷದಿಂದ ವರ್ಷಕ್ಕೆ ಓಡಿಸಿದರೆ, ಕಡಿದ ಕಾಡು ಮತ್ತೆ ಯಾವ ಕ್ರಮದಲ್ಲಿ ಏಳುತ್ತದೆ, ಬೆಳಕು ಬೇಡುವ ಜಾತಿಗಳು ಮೊದಲು ಬಂದು ನೆರಳು ತಾಳುವ ಜಾತಿಗಳು ಆಮೇಲೆ ಹೇಗೆ ಹಿಡಿಯುತ್ತವೆ ಎಂಬುದು ಪರದೆಯ ಮೇಲೆ ಮೂಡಿತು. ಇವತ್ತಿನ ದೊಡ್ಡ ಕಾಡಿನ ಮಾದರಿಗಳೆಲ್ಲ ಆ ಖಾತೆ ಪುಸ್ತಕದ ಮೊಮ್ಮಕ್ಕಳು.

ಮಾದರಿ ಎಷ್ಟು ಸರಿ ಎಂದು ತಿಳಿಯಲು ನಿಜವಾದ ಕಾಡನ್ನು ಎಣಿಸಲೇಬೇಕು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ಪ್ರೊ. ಆರ್. ಸುಕುಮಾರ್ ಅವರ ನೇತೃತ್ವದಲ್ಲಿ 1988ರಲ್ಲಿ ಬಂಡೀಪುರದ ಪಕ್ಕದ ಮುದುಮಲೆಯಲ್ಲಿ ಒಂದು ಕಿಲೋಮೀಟರು ಉದ್ದ, ಅರ್ಧ ಕಿಲೋಮೀಟರು ಅಗಲದ ಜಾಗ ಗುರುತು ಹಾಕಿದರು. 50 ಹೆಕ್ಟೇರು. ಅದರಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪ ಇರುವ ಪ್ರತಿಯೊಂದು ಗಿಡಕ್ಕೂ ನಂಬರು ಹಾಕಿದರು. ಸುಮಾರು 26 ಸಾವಿರ. ಮತ್ತಿ, ದಿಂಡಿಗ, ನಂದಿ, ತೇಗ ಮುಖ್ಯವಾದವು. ಅಲ್ಲಿಂದ ಇಲ್ಲಿಯವರೆಗೆ ಯಾವುದು ಸತ್ತಿತು, ಯಾವುದು ಹುಟ್ಟಿತು, ಎಷ್ಟು ದಪ್ಪವಾಯಿತು ಎಂಬ ಲೆಕ್ಕ ಬರೆಯುತ್ತಾ ಬಂದಿದ್ದಾರೆ. ಅಲ್ಲಿ ತಿಳಿದ ಒಂದು ಸಂಗತಿ ನನ್ನಂಥ ಲೆಕ್ಕದವನನ್ನು ಸ್ವಲ್ಪ ತಗ್ಗಿ ನಡೆಯುವಂತೆ ಮಾಡುತ್ತದೆ. ಆ ಒಣ ಎಲೆಯುದುರು ಕಾಡಿನಲ್ಲಿ ಗಿಡಗಳ ಸಾವಿಗೆ ಪಕ್ಕದ ಮರದ ನೆರಳು ಮುಖ್ಯ ಕಾರಣವಾಗಿರಲಿಲ್ಲ. ಬೆಂಕಿ, ಬರ, ಆನೆ. ಕಿಡಿಯಾ ಎಂಬ ಒಂದು ಜಾತಿಯ ಮರವನ್ನು ಆನೆಗಳು ಮುರಿದು ತಿಂದೇ ಬಹುಪಾಲು ಮುಗಿಸಿದವು. ಯಾವ ಸ್ಪರ್ಧೆಯ ಸಮೀಕರಣದಲ್ಲೂ ಆನೆ ಇರಲಿಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನದ ಕತೆ ಇನ್ನೊಂದು. 1997ರಲ್ಲಿ ಎಣಿಸಿದಾಗ ಇಪ್ಪತ್ತು ಕಾಂಡಕ್ಕೊಂದು ಲಂಟಾನ ಇತ್ತು, 2008ರಲ್ಲಿ ಮತ್ತೆ ಎಣಿಸಿದಾಗ ಮೂರಕ್ಕೊಂದು. ಹಿಂದೆ ಕಾಡಿನ ನೆಲಕ್ಕೆ ಸಣ್ಣ ತರಗು ಬೆಂಕಿ ಬೀಳುತ್ತಿತ್ತು, ಅದನ್ನು ನಿಲ್ಲಿಸಿದ ಮೇಲೆ ಇದು ಹೆಚ್ಚಿತು ಎಂದು ಅಲ್ಲಿನ ಸೋಲಿಗರು ಹೇಳುತ್ತಾರೆ. ಸ್ಪರ್ಧೆಯಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಆಟಗಾರರ ಬಲದಿಂದ ಮಾತ್ರವಲ್ಲ, ಆಟದ ನಿಯಮ ಬದಲಾದರೂ ತೀರ್ಮಾನವಾಗುತ್ತದೆ ಎಂಬುದಕ್ಕೆ ಈ ಮಾತನ್ನು ಹೇಳಿದೆ.

ನಮ್ಮ ತ್ಯಾಗರಾಜನಗರದಲ್ಲಿ ಆನೆ ಇಲ್ಲ. ವಿದ್ಯುತ್ ತಂತಿ ಇದೆ, ಕೇಬಲ್ಲು ಇದೆ, ಬುಡದವರೆಗೆ ಬಂದ ಸಿಮೆಂಟು ಇದೆ, ಅಂಗಡಿಯ ಬೋರ್ಡು ಕಾಣುವುದಿಲ್ಲ ಎಂದು ರಾತ್ರಿ ಕೊಂಬೆ ಕಡಿಯುವ ಕೈ ಇದೆ. ನಾಳೆ ಬೆಳಿಗ್ಗೆ ನಡೆಯಲು ಹೋದಾಗ ಅಡ್ಡರಸ್ತೆಗಳ ಮರಗಳನ್ನು ಒಮ್ಮೆ ತಲೆಯೆತ್ತಿ ನೋಡಿ. ಹೆಚ್ಚಿನವು ರಸ್ತೆಯ ಕಡೆಗೆ ಓಲಿವೆ. ಮೂರು ಅಂತಸ್ತಿನ ಕಟ್ಟಡ ಒಂದು ಬದಿಯ ಬೆಳಕು ತೆಗೆದುಕೊಂಡಿದೆ. ಮರದ ಲೆಕ್ಕದಲ್ಲಿ ಆ ಕಟ್ಟಡವೂ ಎಂದೂ ಸಾಯದ ಇನ್ನೊಂದು ಮರ. ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲ್ ಅವರು ಬೆಂಗಳೂರಿನ ರಸ್ತೆ ಮರಗಳನ್ನು ಎಣಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಗಲ ರಸ್ತೆಗಳಿಗೆ ಹೋಲಿಸಿದರೆ ಕಿರಿದಾದ ರಸ್ತೆಗಳಲ್ಲಿ ಮರಗಳ ಸಂಖ್ಯೆಯೂ ಕಡಿಮೆ, ಗಾತ್ರವೂ ಕಡಿಮೆ, ಜಾತಿಗಳೂ ಕಡಿಮೆ ಎಂದು ಕಂಡುಬಂತು. ಅಗಲ ರಸ್ತೆಗಳನ್ನು ಅಗಲ ಮಾಡುವಾಗ ಹೋಗುವುದು ಯಾವ ಮರಗಳು ಎಂದು ನೀವೇ ಯೋಚಿಸಿ.

ಈಗ ನಮ್ಮ 40-60 ಜಾಗಕ್ಕೆ ಬರೋಣ. ಬೆಳೆದ ಒಂದು ಹೊಂಗೆಯ ಕೊಡೆ 25 ಅಡಿ ಅಗಲ ಎಂದಿಟ್ಟುಕೊಂಡರೆ ಅದಕ್ಕೆ ಬೇಕಾದ ನೆಲ ಸುಮಾರು 490 ಚದರಡಿ. 2400ನ್ನು 490ರಿಂದ ಭಾಗಿಸಿ. ಐದೂ ತುಂಬುವುದಿಲ್ಲ. ರಸ್ತೆಬದಿಯ ಮಳೆಮರದಂಥದ್ದು ಪೂರ್ತಿ ಹರಡಿದರೆ ಒಂದೇ ಮರಕ್ಕೆ ಎರಡು ಸೈಟು ಬೇಕು. 500 ನೆಟ್ಟರೂ 50 ನೆಟ್ಟರೂ ಶಾಲೆಯ ನೂರನೇ ವರ್ಷಕ್ಕೆ ಅಲ್ಲಿ ನಿಲ್ಲುವುದು ಐದು ದೊಡ್ಡ ಮರ. ಇದು ಕುಂಡದ 67 ಗ್ರಾಮಿನ ಹಾಗೆ, ಜಾಗ ಹೇಳುವ ಸಂಖ್ಯೆ.

ಒತ್ತಾಗಿ ನೆಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಜಪಾನಿನ ಅಕಿರಾ ಮಿಯಾವಾಕಿ ಅವರ ಪದ್ಧತಿ ಎಲ್ಲರಿಗೂ ಗೊತ್ತು, ಒಂದು ಚದರ ಮೀಟರಿಗೆ ಮೂರು ನಾಲ್ಕು ಸಸಿ. ಇಲ್ಲೇ ಬಿಡದಿಯ ಟೊಯೋಟಾ ಕಾರ್ಖಾನೆಯ ಆವರಣದಲ್ಲಿ ಅವರ ಕೈಯಿಂದ ಅದು ನಡೆಯಿತು. ಅಲ್ಲಿ ಇಂಜಿನಿಯರಾಗಿದ್ದ ಶುಭೇಂದು ಶರ್ಮಾ ಅವರು ಅದನ್ನು ನೋಡಿ ಮುಂದೆ ಕಾಡು ಬೆಳೆಸುವುದನ್ನೇ ಕಸುಬು ಮಾಡಿಕೊಂಡರು. ಬೆಳಕಿಗಾಗಿ ಪೈಪೋಟಿ ಹುಟ್ಟಿಸಿ ಗಿಡಗಳನ್ನು ಬೇಗ ಎತ್ತರಕ್ಕೆ ಓಡಿಸುವುದು ಅದರ ಉಪಾಯ. ಆಗ ಬಹುಪಾಲು ಗಿಡ ಸಾಯುವುದೂ ಆ ಉಪಾಯದ ಭಾಗವೇ, ಅದನ್ನು ಮುಚ್ಚಿಡಬಾರದು. ಕಾರ್ಖಾನೆಯ ಅಂಚಿಗೆ ಹಸಿರು ಗೋಡೆ ಬೇಕಾದರೆ ಅದು ಸರಿ. ಮಕ್ಕಳು ಕೂತು ಬುತ್ತಿ ಬಿಚ್ಚಬೇಕಾದ ಜಾಗಕ್ಕೆ ಒಳಗೆ ಕಾಲಿಡಲಾಗದ ಪೊದೆ ಬೇಕೇ?

ಅದಕ್ಕಿಂತ ದೊಡ್ಡ ತೊಂದರೆ ಫಲಕದ್ದು. ಗಿಡಕ್ಕೆ ಹೆಸರು ಬರೆದ ಮೇಲೆ ಅದು ಸಸ್ಯವಾಗಿ ಉಳಿಯುವುದಿಲ್ಲ. ಎಂಟು ವರ್ಷವಾದ ಮೇಲೆ 1987ರ ತಂಡದ ಗಿಡ 1988ರ ತಂಡದ ಗಿಡದ ನೆರಳಿನಲ್ಲಿ ಸೊರಗುತ್ತಿದೆ ಎಂದರೆ ಯಾವುದನ್ನು ಕೀಳೋಣ? ಕುಂಟೆ ಹೊಡೆಯುವ ಧೈರ್ಯ ಯಾರಿಗೆ ಬರುತ್ತದೆ? ಮರ ದೊಡ್ಡದಾದ ಮೇಲೆ ಕೀಳುವುದೂ ಸುಲಭವಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು, ಬೇಕಾದದ್ದು ಸರಿಯೇ. ಕೊನೆಗೆ ಎಲ್ಲವೂ ಅಲ್ಲೇ ಉಳಿದು, ಎಲ್ಲವೂ ಕಡ್ಡಿಯಾಗಿ, ಒಂದು ಮುಂಗಾರು ಮಳೆಗೆ ಗೋಡೆಯ ಮೇಲೆ ವಾಲುತ್ತವೆ.

ನನ್ನ ಸಲಹೆ ಇದು, ಸಮಿತಿ ಒಪ್ಪುವುದು ಬಿಡುವುದು ಅವರದು. ದೊಡ್ಡ ಮರ ಐದೇ: ಎರಡು ಹೊಂಗೆ, ಒಂದು ನೇರಳೆ, ಒಂದು ಹಿಪ್ಪೆ, ಒಂದು ಹಲಸು. ಅಕ್ಕಡಿಯ ಹಾಗೆ ಜಾತಿ ಬೇರೆಬೇರೆ ಇರಲಿ. ಅವು ಕೊಡೆ ಬಿಡಿಸುವವರೆಗೆ ನಡುವಿನ ಬಿಸಿಲು ದಂಡವಾಗಬಾರದು. ಅಲ್ಲಿ ನುಗ್ಗೆ, ಸೀಬೆ, ಕರಿಬೇವು, ಪಪಾಯಿ, ದಾಸವಾಳ, ಒಂದು ಹದಿನೈದು. ಅವು ರಾಗಿಯ ಹಾಗೆ, ಕೊಟ್ಟು ಹೋಗುವಂಥವು. ಹತ್ತು ವರ್ಷದೊಳಗೆ ಅವನ್ನು ತೆಗೆಯಲಾಗುವುದು ಎಂದು ಇವತ್ತೇ ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು, ಆಮೇಲಿನವರಿಗೆ ಪಾಪಪ್ರಜ್ಞೆ ಬೇಡ. ಅಂಚಿಗೆ ನಾಲ್ಕು ಸಾಲು ರಾಗಿ, ಒಂದು ಸಾಲು ಅವರೆ, ಪ್ರತಿ ವರ್ಷ. ಬೆಂಗಳೂರಿನ ಮಕ್ಕಳು ರಾಗಿಯನ್ನು ಪ್ಯಾಕೆಟ್ಟಿನಲ್ಲಿ ಮಾತ್ರ ನೋಡಿದ್ದಾರೆ. ತಂಡಗಳ ಹೆಸರು ಗಿಡಕ್ಕೆ ಬೇಡ, ಗೋಡೆಗೆ ಒಂದು ಕಲ್ಲು ಹಾಕಿ ಐವತ್ತನ್ನೂ ಅಲ್ಲಿ ಕೆತ್ತಿಸಿ.

ಹೆಸರು ಹಾಕಲೇಬೇಕು ಎನ್ನುವವರಿಗೆ ಇನ್ನೊಂದು ಕೆಲಸ ಇದೆ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಒಂದು ದಿನ, ಒಂಬತ್ತನೇ ತರಗತಿಯ ಮಕ್ಕಳು ಪ್ರತಿ ಮರದ ಸುತ್ತಳತೆ ತೆಗೆಯಲಿ. ನೆಲದಿಂದ 1.3 ಮೀಟರು ಎತ್ತರದಲ್ಲಿ, ಕಾಡಿನ ಲೆಕ್ಕದವರು ಅಳೆಯುವುದು ಅಲ್ಲೇ. ಆ ಎತ್ತರಕ್ಕೆ ಕಾಂಡದ ಮೇಲೆ ಬಣ್ಣದ ಗೆರೆ ಹಾಕಿ, ಇಲ್ಲದಿದ್ದರೆ ಪ್ರತಿ ವರ್ಷ ಬೇರೆ ಜಾಗದಲ್ಲಿ ಅಳೆಯುತ್ತೀರಿ. ನೂಲು ಬೇಡ, ಹಿಗ್ಗುತ್ತದೆ. ದರ್ಜಿಯ ಟೇಪು ಸಾಕು. ದಪ್ಪ ರಟ್ಟಿನ ಒಂದು ಲೆಡ್ಜರು, ಎಡಗಡೆ ಮರದ ನಂಬರು, ಬಲಗಡೆ ಅಳತೆ, ಕೆಳಗೆ ಅಳೆದವರ ಸಹಿ. ಸತ್ತರೆ ಸತ್ತಿದೆ ಎಂದು ಬರೆಯಿರಿ, ಕಾರಣ ಗೊತ್ತಿದ್ದರೆ ಕಾರಣ. ಮುದುಮಲೆಯಲ್ಲಿ 26 ಸಾವಿರ, ಇಲ್ಲಿ ಇಪ್ಪತ್ತು. ಪದ್ಧತಿ ಒಂದೇ. ಹತ್ತು ವರ್ಷದ ಅಂಕಿ ಕೂಡಿದ ಮೇಲೆ ಈ ಶಾಲೆಯ ಯಾವುದೋ ಹುಡುಗಿ ನನ್ನ ಐದು ಮರದ ಲೆಕ್ಕ ಸರಿಯೋ ತಪ್ಪೋ ಎಂದು ತೋರಿಸಬಹುದು.

ಕುಂಡದ ಪ್ರಯೋಗಕ್ಕೆ ಅಷ್ಟು ಕಾಯಬೇಕಾಗಿಲ್ಲ. ಹತ್ತು ಕುಂಡ, ಎರಡು ಗಾಡಿ ಕೆಮ್ಮಣ್ಣು, ಒಂದು ಸೇರು ಬಿತ್ತನೆ ರಾಗಿ ತಂದು ವಿಜ್ಞಾನದ ಮೇಡಂ ಅವರ ಕೊಠಡಿಯ ಹೊರಗೆ ಇಳಿಸಿದ್ದೇನೆ. ಎರಡು ವರಸೆ ಹಾಕಿ: 1, 2, 4, 8, 16, ಮತ್ತೆ ಅದೇ. ಒಂದು ಕುಂಡಕ್ಕೆ ಬಿದ್ದ ನೀರೇ ಎಲ್ಲಕ್ಕೂ ಬೀಳಬೇಕು. ಜಾಗ ವಾರಕ್ಕೊಮ್ಮೆ ಅದಲು ಬದಲು ಮಾಡಿ, ಗೋಡೆಯ ನೆರಳು ಒಂದೇ ಕುಂಡಕ್ಕೆ ಬೀಳದ ಹಾಗೆ. ಪಾರಿವಾಳ ಬರುತ್ತವೆ, ತೆನೆ ಕಟ್ಟುವ ಹೊತ್ತಿಗೆ ಬಲೆ ಹಾಕಿ. ತಕ್ಕಡಿ ನಮ್ಮ ಮನೆಯಲ್ಲಿದೆ, ಕೊಯ್ಲಿನ ದಿನ ತರುತ್ತೇನೆ.